ಎಗಿಬಿ ಮನೆತನದ ದಾಖಲೆ ಸಂಗ್ರಹ

ಎಗಿಬಿ ಮನೆತನದ ದಾಖಲೆ ಸಂಗ್ರಹವು ಪ್ರಾಚೀನ ಬ್ಯಾಬಿಲೋನ್ ನಗರದ ಒಂದು ವ್ಯಾಪಾರಿ ಕುಟುಂಬವು ಐದು ತಲೆಮಾರುಗಳ ಕಾಲ ಬರೆಸಿ ಕಾಪಾಡಿಕೊಂಡು ಬಂದ ಜೇಡಿಮಣ್ಣಿನ ಫಲಕಗಳ ಸಮೂಹವಾಗಿದೆ. ತುಣುಕುಗಳನ್ನೂ ಪ್ರತಿಗಳನ್ನೂ ಸೇರಿಸಿ ಸುಮಾರು 1,700 ಫಲಕಗಳು ಇದಕ್ಕೆ ಸೇರಿವೆ ಎಂದು ಗುರುತಿಸಲಾಗಿದೆ. ಇವು ಕ್ರಿ.ಪೂ. 7ನೆಯ ಶತಮಾನದ ಕೊನೆಯಿಂದ ಕ್ರಿ.ಪೂ. 480ರ ದಶಕದವರೆಗಿನವು. ಮನೆ, ಹೊಲ ಮತ್ತು ಖರ್ಜೂರದ ತೋಟಗಳ ಕ್ರಯಪತ್ರಗಳು, ಸಾಲಪತ್ರಗಳು, ಅಡಮಾನ ಹಾಗೂ ಭೋಗ್ಯದ ಕರಾರುಗಳು, ಗೇಣಿಯ ಲೆಕ್ಕಗಳು, ವರದಕ್ಷಿಣೆಯ ಒಪ್ಪಂದಗಳು, ಗುಲಾಮರ ಮಾರಾಟದ ಪತ್ರಗಳು, ನ್ಯಾಯಾಲಯದ ತೀರ್ಪುಗಳು ಮತ್ತು ಕುಟುಂಬದ ಆಸ್ತಿಯ ವಿಭಾಗಪತ್ರ ಇದರಲ್ಲಿವೆ. ಅಕ್ಕಾಡಿಯನ್ ಭಾಷೆಯಲ್ಲಿ, ಬೆಣೆಲಿಪಿಯಲ್ಲಿ ಬರೆಯಲಾದ ಈ ಫಲಕಗಳಲ್ಲಿ ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಅರಸರಾಗಲಿ ಅರ್ಚಕರಾಗಲಿ ಅಲ್ಲದ ಕುಟುಂಬವೊಂದು ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಹೇಗೆ ಬೆಳೆಯಿತು ಎಂಬುದನ್ನು ಪತ್ರದಿಂದ ಪತ್ರಕ್ಕೆ ಹಿಂಬಾಲಿಸಲು ಸಾಧ್ಯವಾಗುವ ಪ್ರಾಚೀನ ಸಂಗ್ರಹಗಳು ಬಹಳ ಕಡಿಮೆ. ಆದರೆ ಈ ಕುಟುಂಬದವರ ಆತ್ಮಕಥೆಯಾಗಲಿ, ಅವರನ್ನು ಹೊಗಳುವ ಶಾಸನವಾಗಲಿ ಇದರಲ್ಲಿಲ್ಲ. ಅವರ ಬಗ್ಗೆ ತಿಳಿದಿರುವುದೆಲ್ಲವೂ ಆಸ್ತಿಪತ್ರಗಳಿಂದಲೇ ತಿಳಿದಿರುವುದು.

ಹಿನ್ನೆಲೆ

ಎರಡನೆಯ ನೆಬುಕಡ್ನೆಜರ್ (ಆಳ್ವಿಕೆ ಕ್ರಿ.ಪೂ. 605–562) ಬ್ಯಾಬಿಲೋನನ್ನು ತನ್ನ ಸಾಮ್ರಾಜ್ಯದ ರಾಜಧಾನಿಯಾಗಿ ಮರಳಿ ಕಟ್ಟಿಸಿದನು. ಕೋಟೆಗಳು, ಮೆರವಣಿಗೆಯ ಬೀದಿ, ಇಷ್ಟಾರ್ ದ್ವಾರ, ಮರ್ದುಕ್ ದೇವರ ಎಸಗಿಲ ದೇವಾಲಯ ಮತ್ತು ಅರಮನೆಗಳ ಕೆಲಸಕ್ಕೆ ಸಾಮ್ರಾಜ್ಯದ ಎಲ್ಲೆಡೆಯಿಂದ ಜನರೂ ಬೆಳ್ಳಿಯೂ ನಗರಕ್ಕೆ ಹರಿದುಬಂದವು. ಕೆಲವರು ಕೂಲಿಗಾಗಿ ಬಂದರು, ಇನ್ನು ಕೆಲವರನ್ನು ಯುದ್ಧದಲ್ಲಿ ಸೆರೆಹಿಡಿದು ತರಲಾಯಿತು. ಹೀಗೆ ಬೆಳೆದ ನಗರಕ್ಕೆ ಪ್ರತಿದಿನ ಬಾರ್ಲಿ, ಖರ್ಜೂರ, ಈರುಳ್ಳಿ, ಉಣ್ಣೆ ಬೇಕಾಗಿತ್ತು. ವಾಸಕ್ಕೆ ಮನೆಗಳು ಬೇಕಾಗಿದ್ದವು. ನಗರದ ಹೊರವಲಯದಲ್ಲಿ ಹೊಸ ಕಾಲುವೆಗಳನ್ನು ತೋಡಿ ನೆಲವನ್ನು ಸಾಗುವಳಿಗೆ ತಂದುದರಿಂದ, ಕಾಲುವೆಯ ಅಂಚಿನಿಂದ ಹಿಂದಕ್ಕೆ ಚಾಚಿದ ಉದ್ದನೆಯ ಪಟ್ಟಿಗಳಂತಹ ತೋಟಗಳು ಹುಟ್ಟಿಕೊಂಡವು. ಎಗಿಬಿಗಳು ಕೊಂಡ ಭೂಮಿಯಲ್ಲಿ ಬಹುಪಾಲು ಇಂಥದ್ದೇ.

ಬ್ಯಾಬಿಲೋನಿನ ಹಳೆಯ ಕುಟುಂಬಗಳ ಸಂಪತ್ತು ಸಾಮಾನ್ಯವಾಗಿ ದೇವಾಲಯದ ವೃತ್ತಿಗಳನ್ನು ಅವಲಂಬಿಸಿತ್ತು. ದೇವರಿಗೆ ರೊಟ್ಟಿ ಸುಡುವ, ಮದ್ಯ ತಯಾರಿಸುವ ಹಕ್ಕುಗಳು ಪಿತ್ರಾರ್ಜಿತವಾಗಿ ಬರುತ್ತಿದ್ದವು, ಅವುಗಳ ಜೊತೆಗೆ ಆದಾಯವೂ ಬರುತ್ತಿತ್ತು. ಎಗಿಬಿಗಳು ಮೇಲೆ ಬಂದುದು ಈ ದಾರಿಯಿಂದಲ್ಲ, ಸರಕು ಸಾಗಣೆ, ಸಾಲ ಮತ್ತು ಅರಸರ ಅಧಿಕಾರಿಗಳ ಸಖ್ಯದಿಂದ.

ಫಲಕಗಳ ಪತ್ತೆ

1870ರ ದಶಕದ ಮಧ್ಯದಲ್ಲಿ, ಬ್ಯಾಬಿಲೋನಿನ ಅವಶೇಷಗಳ ನಡುವಿನ ಜುಮ್‌ಜುಮಾ ಹಳ್ಳಿಯ ಬಳಿ, ಕಟ್ಟಡಗಳಿಗಾಗಿ ಹಳೆಯ ಇಟ್ಟಿಗೆ ಅಗೆಯುತ್ತಿದ್ದ ಸ್ಥಳೀಯರಿಗೆ ಬಾಯಿ ಮುಚ್ಚಿದ ಮಣ್ಣಿನ ಗಡಿಗೆಗಳಲ್ಲಿ ತುಂಬಿಟ್ಟಿದ್ದ ಫಲಕಗಳು ಸಿಕ್ಕವು. ಅವು ಬಾಗ್ದಾದಿನ ವ್ಯಾಪಾರಿಗಳ ಕೈ ಸೇರಿದವು. ಪ್ರಳಯದ ಕಥೆಯಿರುವ ಗಿಲ್ಗಮೆಶ್ ಫಲಕವನ್ನು 1872ರಲ್ಲಿ ಓದಿ ಹೆಸರಾಗಿದ್ದ ಜಾರ್ಜ್ ಸ್ಮಿತ್, 1876ರಲ್ಲಿ ಬ್ರಿಟಿಷ್ ಮ್ಯೂಸಿಯಂ ಪರವಾಗಿ ಎರಡು ಸಾವಿರಕ್ಕೂ ಮಿಕ್ಕ ಫಲಕಗಳನ್ನು ಅಲ್ಲಿ ಖರೀದಿಸಿದನು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಊರಿಗೆ ಮರಳುವ ದಾರಿಯಲ್ಲಿ, ಅಲೆಪ್ಪೊದಲ್ಲಿ ಅವನು ಕಾಯಿಲೆಯಿಂದ ತೀರಿಕೊಂಡನು.

ಈ ಬಗೆಯ ಪತ್ತೆಯಿಂದ ಆದ ನಷ್ಟ ದೊಡ್ಡದು. ಯಾವ ಗಡಿಗೆಯಲ್ಲಿ ಯಾವ ಫಲಕವಿತ್ತು, ಒಂದರ ಪಕ್ಕದಲ್ಲಿ ಇನ್ನೊಂದನ್ನು ಏಕೆ ಇಟ್ಟಿದ್ದರು, ಗಡಿಗೆಗಳಿದ್ದ ಮನೆ ಎಂಥದ್ದು ಎಂಬ ಯಾವುದನ್ನೂ ಯಾರೂ ಬರೆದಿಡಲಿಲ್ಲ. 1899ರಿಂದ 1917ರವರೆಗೆ ರಾಬರ್ಟ್ ಕೋಲ್ಡೆವೆ ಬ್ಯಾಬಿಲೋನಿನಲ್ಲಿ ಕ್ರಮಬದ್ಧ ಉತ್ಖನನ ನಡೆಸುವ ಹೊತ್ತಿಗೆ ಎಗಿಬಿ ಫಲಕಗಳು ಲಂಡನ್ ಸೇರಿ ಎರಡು ದಶಕಗಳೇ ಕಳೆದಿದ್ದವು. ಹೀಗಾಗಿ ಈ ಮನೆತನದ ಪ್ರತಿಯೊಂದು ಮನೆಯ ನೆರೆಹೊರೆಯವರ ಹೆಸರುಗಳು ಗೊತ್ತಿದ್ದರೂ, ನೆಲದ ಮೇಲೆ ನಿಂತು ‘ಇದು ಎಗಿಬಿಗಳ ಮನೆ’ ಎಂದು ತೋರಿಸಬಹುದಾದ ಒಂದು ಗೋಡೆಯೂ ಇಲ್ಲ.

ಮನೆತನ

ಬ್ಯಾಬಿಲೋನಿನಲ್ಲಿ ಪ್ರತಿಷ್ಠಿತ ಪುರುಷನೊಬ್ಬನ ಹೆಸರನ್ನು ಪತ್ರದಲ್ಲಿ ಮೂರು ಹಂತಗಳಲ್ಲಿ ಬರೆಯುತ್ತಿದ್ದರು: ಸ್ವಂತ ಹೆಸರು, ತಂದೆಯ ಹೆಸರು, ಮೂಲಪುರುಷನ ಹೆಸರು. ‘ಎಗಿಬಿ’ ಎಂಬುದು ಈ ಮೂರನೆಯ ಹೆಸರು. ನಮ್ಮಲ್ಲಿ ಒಂದೇ ಗೋತ್ರದವರೆಲ್ಲರೂ ಒಂದೇ ಮನೆಯವರಲ್ಲದಂತೆ, ಬ್ಯಾಬಿಲೋನಿನಲ್ಲಿ ಎಗಿಬಿ ವಂಶಸ್ಥರೆಂದು ಹೇಳಿಕೊಳ್ಳುತ್ತಿದ್ದ ಎಲ್ಲರೂ ಈ ವ್ಯಾಪಾರಿ ಕುಟುಂಬಕ್ಕೆ ಸೇರಿದವರಲ್ಲ. 19ನೆಯ ಶತಮಾನದ ಕೆಲವು ವಿದ್ವಾಂಸರು ‘ಎಗಿಬಿ’ಯನ್ನು ‘ಯಾಕೋಬ’ ಎಂಬ ಹೆಸರಿನ ರೂಪವೆಂದು ಭಾವಿಸಿ, ಇವರನ್ನು ಸೆರೆಯಾಗಿ ಬಂದ ಯೆಹೂದಿಗಳೆಂದು ಊಹಿಸಿದ್ದರು. ಯೆಹೂದಿಗಳನ್ನು ಬ್ಯಾಬಿಲೋನಿಗೆ ಕರೆತರುವುದಕ್ಕಿಂತ ಮುಂಚೆಯೇ ಈ ವಂಶನಾಮ ಅಲ್ಲಿ ಬಳಕೆಯಲ್ಲಿದ್ದುದರಿಂದ ಆ ಊಹೆಯನ್ನು ಕೈಬಿಡಲಾಗಿದೆ.

ಸಂಗ್ರಹದಲ್ಲಿ ಮೊದಲು ಕಾಣಿಸಿಕೊಳ್ಳುವವನು ಶುಲಾಯ. ಹಳ್ಳಿಗಳಲ್ಲಿ ಧಾನ್ಯ, ಖರ್ಜೂರಗಳನ್ನು ಕೊಂಡು ದೋಣಿಯಲ್ಲಿ ನಗರಕ್ಕೆ ತರಿಸುವ ವ್ಯಾಪಾರಗಳಲ್ಲಿ ಅವನು ಪಾಲುದಾರನಾಗಿದ್ದನು. ಇಂತಹ ಪಾಲುದಾರಿಕೆಗೆ ಅಕ್ಕಾಡಿಯನ್ ಭಾಷೆಯಲ್ಲಿ ‘ಹರ್ರಾನು’ ಎಂದು ಹೆಸರು. ‘ದಾರಿ’, ‘ಪಯಣ’ ಎಂಬುದು ಅದರ ಮೂಲ ಅರ್ಥ. ಒಬ್ಬನು ಬೆಳ್ಳಿ ಹೂಡುತ್ತಾನೆ, ಇನ್ನೊಬ್ಬನು ದುಡಿಯುತ್ತಾನೆ; ಬಂಡವಾಳ ಹಿಂದಿರುಗಿದ ಮೇಲೆ ಉಳಿದ ಲಾಭವನ್ನು ಸಾಮಾನ್ಯವಾಗಿ ಸಮನಾಗಿ ಹಂಚಿಕೊಳ್ಳುತ್ತಾರೆ. ಶುಲಾಯನ ಕಾಲದಲ್ಲಿ ಈ ಕುಟುಂಬಕ್ಕೆ ಹೇಳಿಕೊಳ್ಳುವಂತಹ ಸ್ಥಿರಾಸ್ತಿ ಇದ್ದ ಕುರುಹಿಲ್ಲ.

ಅವನ ಮಗ ನಬು-ಅಹ್ಹೆ-ಇದ್ದಿನ್ ಕಾಲದಲ್ಲಿ ಚಿತ್ರ ಬದಲಾಗುತ್ತದೆ. ಅವನು ಬರವಣಿಗೆ ಮತ್ತು ಕಾನೂನು ಬಲ್ಲವನಾಗಿದ್ದನು. ಮುಂದೆ ಅರಸನಾದ ನೆರಿಗ್ಲಿಸ್ಸರನ ಪರವಾಗಿ, ಸಾಲದಲ್ಲಿ ಮುಳುಗಿದ್ದವನೊಬ್ಬನ ಮನೆಯ ವ್ಯವಹಾರವನ್ನು ನಡೆಸಿಕೊಟ್ಟನು. ಅರಸ ನಬೊನಿಡಸನ ಕಾಲದಲ್ಲಿ ರಾಜ ನ್ಯಾಯಾಧೀಶರಲ್ಲಿ ಒಬ್ಬನಾದನು. ಭೂವ್ಯಾಜ್ಯಗಳನ್ನು ತೀರ್ಮಾನಿಸುವವನೇ ಭೂಮಿ ಕೊಳ್ಳುವವನೂ ಆಗಿದ್ದುದರ ಬಗ್ಗೆ ಆ ಕಾಲದ ಪತ್ರಗಳು ಏನನ್ನೂ ಹೇಳುವುದಿಲ್ಲ. ಇಂದಿನ ಓದುಗನಿಗೆ ಅದು ಕಣ್ಣಿಗೆ ಬೀಳದೆ ಇರುವುದಿಲ್ಲ. ಅವನು ಸುಮಾರು ಕ್ರಿ.ಪೂ. 543ರಲ್ಲಿ ತೀರಿಕೊಂಡನು.

ಮೂರನೆಯ ತಲೆಮಾರಿನ ಇತ್ತಿ-ಮರ್ದುಕ್-ಬಲಾತು, ನೂರ್-ಸಿನ್ ವಂಶದ ಇದ್ದಿನ್-ಮರ್ದುಕ್ ಎಂಬ ವ್ಯಾಪಾರಿಯ ಮಗಳು ನುಪ್ತಾಯಳನ್ನು ಮದುವೆಯಾದನು. ಇದ್ದಿನ್-ಮರ್ದುಕ್ ಈರುಳ್ಳಿಯ ಸಗಟು ವ್ಯಾಪಾರದಲ್ಲಿ ಹಣ ಮಾಡಿದವನು. ಈ ಮದುವೆಯಿಂದ ಎರಡು ಮನೆಗಳ ವ್ಯವಹಾರ ಕೂಡಿತು, ಕಾಲಕ್ರಮದಲ್ಲಿ ಎರಡು ಮನೆಗಳ ಪತ್ರಗಳೂ ಒಂದೇ ಕಡೆ ಸೇರಿದವು. ಕ್ರಿ.ಪೂ. 539ರ ಅಕ್ಟೋಬರಿನಲ್ಲಿ ಪರ್ಷಿಯದ ಸೈರಸ್ ಬ್ಯಾಬಿಲೋನನ್ನು ವಶಪಡಿಸಿಕೊಂಡನು. ಒಂದು ಸಾಮ್ರಾಜ್ಯ ಮುಗಿದು ಇನ್ನೊಂದು ಆರಂಭವಾದ ಈ ಘಟನೆಯನ್ನು ಎಗಿಬಿ ಪತ್ರಗಳಲ್ಲಿ ಹುಡುಕಿದರೆ ಸಿಗುವುದು ತಾರೀಖಿನ ಸಾಲಿನಲ್ಲಿ ಅರಸನ ಹೆಸರು ಬದಲಾಗಿರುವುದು ಮಾತ್ರ. ಇತ್ತಿ-ಮರ್ದುಕ್-ಬಲಾತು ಹೊಸ ಅರಸರ ನಾಡಿಗೂ, ಎಕ್ಬತಾನ ಮತ್ತು ಪರ್ಸಿಸ್ ಪ್ರದೇಶದವರೆಗೂ, ಹಲವು ಬಾರಿ ಹೋಗಿಬಂದನು.

ನಾಲ್ಕನೆಯ ತಲೆಮಾರಿನ ಮರ್ದುಕ್-ನಾಸಿರ್-ಅಪ್ಲಿ, ಅಡ್ಡಹೆಸರು ಶಿರ್ಕು, ಮೊದಲನೆಯ ಡೇರಿಯಸನ ಕಾಲದವನು. ತೆರಿಗೆ ವಸೂಲಿ, ಕಾಲುವೆಗಳಲ್ಲಿ ಓಡಾಡುವ ದೋಣಿಗಳ ಸುಂಕ, ಅರಸನ ಸೇವೆಗೆ ಜನರನ್ನೂ ಸರಕನ್ನೂ ಒದಗಿಸುವ ಗುತ್ತಿಗೆ ಇವು ಅವನ ಕಾಲದಲ್ಲಿ ಮುಖ್ಯವಾದವು. ಐದನೆಯವನಾದ ನಿದಿಂತಿ-ಬೇಲನ ಬಗ್ಗೆ ತಿಳಿದಿರುವುದು ಅಲ್ಪ.

ಆಸ್ತಿಪತ್ರಗಳ ಸ್ವರೂಪ

ಬ್ಯಾಬಿಲೋನಿನಲ್ಲಿ ಇಂದಿನ ಉಪನೋಂದಣಿ ಕಚೇರಿಯಂತಹ ವ್ಯವಸ್ಥೆ ಇರಲಿಲ್ಲ. ಕೊಂಡವನ ಕೈಯಲ್ಲಿದ್ದ ಫಲಕವೇ ಅವನ ಹಕ್ಕಿಗೆ ಆಧಾರ. ಆದ್ದರಿಂದ ಕ್ರಯಪತ್ರವನ್ನು ಬಹಳ ಎಚ್ಚರದಿಂದ ಬರೆಸುತ್ತಿದ್ದರು.

ಮೊದಲಿಗೆ ಆಸ್ತಿಯ ವಿವರಣೆ ಮತ್ತು ಚೆಕ್ಕುಬಂದಿ. ಹೊಲವಾದರೆ ಎರಡು ಉದ್ದದ ಬದಿಗಳು, ಎರಡು ಅಗಲದ ಬದಿಗಳು, ಪ್ರತಿಯೊಂದು ಬದಿಯಲ್ಲಿರುವ ನೆರೆಯ ಹೊಲದ ಒಡೆಯನ ಅಥವಾ ಕಾಲುವೆ, ರಸ್ತೆಗಳ ಹೆಸರು. ಹೊಲದ ವಿಸ್ತೀರ್ಣವನ್ನು ಅದಕ್ಕೆ ಬಿತ್ತಲು ಬೇಕಾಗುವ ಬೀಜದ ಅಳತೆಯಲ್ಲಿ ಹೇಳುತ್ತಿದ್ದರು. ಕನ್ನಡದ ಶಾಸನಗಳಲ್ಲಿ ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಭೂಮಿ ಎಂದು ಬರುವುದನ್ನು ಕಂಡವರಿಗೆ ಈ ಕ್ರಮ ಹೊಸದೆನಿಸದು. ಅಲ್ಲಿನ ಅಳತೆ ‘ಕುರ್ರು’. ಒಂದು ಕುರ್ರು ಸುಮಾರು 180 ಲೀಟರ್ ಬೀಜಕ್ಕೂ, ನೆಲದ ಲೆಕ್ಕದಲ್ಲಿ ಸುಮಾರು 1.35 ಹೆಕ್ಟೇರಿಗೂ ಸಮ. ನಗರದೊಳಗಿನ ಮನೆಗಳನ್ನು ಮಾತ್ರ ‘ಜೊಂಡುಕೋಲಿ’ನಿಂದ ಅಳೆಯುತ್ತಿದ್ದರು. ಏಳು ಮೊಳ ಉದ್ದ, ಏಳು ಮೊಳ ಅಗಲದ ಚೌಕ ಒಂದು ಕೋಲು, ಎಂದರೆ ಸುಮಾರು 12 ಚದರ ಮೀಟರು. ಹೊಲವನ್ನು ಬೀಜದಲ್ಲಿ, ನಿವೇಶನವನ್ನು ಕೋಲಿನಲ್ಲಿ ಎಣಿಸುವ ಈ ವ್ಯತ್ಯಾಸವೇ ನಗರದ ನೆಲ ಎಷ್ಟು ದುಬಾರಿಯಾಗಿತ್ತೆಂಬುದನ್ನು ಸೂಚಿಸುತ್ತದೆ.

ಅನಂತರ ಬೆಲೆ. ನಾಣ್ಯ ಇನ್ನೂ ಬಳಕೆಗೆ ಬಂದಿರಲಿಲ್ಲ. ಬೆಳ್ಳಿಯನ್ನು ತೂಗಿ ಕೊಡುತ್ತಿದ್ದರು. 60 ಶೆಕೆಲ್‌ಗೆ ಒಂದು ಮಿನ, ಒಂದು ಮಿನ ಸುಮಾರು ಅರ್ಧ ಕಿಲೋಗ್ರಾಂ. ಗೊತ್ತಾದ ಬೆಲೆಯ ಮೇಲೆ ಒಂದಿಷ್ಟು ಹೆಚ್ಚುವರಿಯನ್ನೂ, ಮಾರುವವನ ಮನೆಯೊಡತಿಗೆ ಒಂದು ಉಡುಪನ್ನೂ ಸೇರಿಸುವುದು ವಾಡಿಕೆಯಾಗಿತ್ತು. ಮನೆ ಬಿಟ್ಟುಕೊಡುವ ಹೆಂಗಸಿಗೆ ಒಂದು ಬಟ್ಟೆ ಸಲ್ಲುತ್ತದೆ ಎಂಬ ಈ ಸಾಲು, ಉಳಿದಂತೆ ನೀರಸವಾದ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಮುಂದೆ ಯಾರಾದರೂ ಬಂದು ‘ಈ ಹೊಲವನ್ನು ಮಾರಿಲ್ಲ, ಬೆಳ್ಳಿ ಸಂದಿಲ್ಲ’ ಎಂದು ತಕರಾರು ತೆಗೆದರೆ, ಅವನು ಪಡೆದ ಬೆಲೆಯ ಹನ್ನೆರಡು ಪಟ್ಟು ತೆರಬೇಕೆಂಬ ಷರತ್ತು ಭೂಕ್ರಯಪತ್ರಗಳಲ್ಲಿದೆ. ಒಪ್ಪಂದವನ್ನು ಬದಲಿಸುವವನ ಮೇಲೆ ದೇವರ ಶಾಪವನ್ನೂ ಹೇರಲಾಗುತ್ತದೆ. ಕೊನೆಯಲ್ಲಿ ಸಾಕ್ಷಿಗಳು, ಲಿಪಿಕಾರ, ಊರು, ದಿನ, ತಿಂಗಳು, ಅರಸನ ಆಳ್ವಿಕೆಯ ವರ್ಷ. ಮಾರುವವನು ಮುದ್ರೆಯ ಬದಲಿಗೆ ಹಸಿಮಣ್ಣಿನ ಅಂಚಿನಲ್ಲಿ ತನ್ನ ಉಗುರನ್ನು ಒತ್ತುತ್ತಿದ್ದನು. ಹೆಬ್ಬೆಟ್ಟಿನ ಗುರುತಿನ ಕೆಲಸವನ್ನು ಅಲ್ಲಿ ಉಗುರಿನ ಗುರುತು ಮಾಡುತ್ತಿತ್ತು. ಎರಡೂವರೆ ಸಾವಿರ ವರ್ಷಗಳ ಹಿಂದೆ ಹೊಲ ಕಳೆದುಕೊಂಡವರ ಆ ಉಗುರಿನ ಗೆರೆಗಳು ಇಂದಿಗೂ ಫಲಕಗಳ ಮೇಲಿವೆ.

ಆಸ್ತಿ ಕೈ ಬದಲಾಯಿಸಿದಾಗ ಅದರ ಹಳೆಯ ಪತ್ರಗಳೂ ಕೊಂಡವನಿಗೆ ಹೋಗುತ್ತಿದ್ದವು. ಇಂದು ಮನೆ ಕೊಳ್ಳುವವರು ಮೂಲಪತ್ರಗಳನ್ನು ಕೇಳಿ ಪಡೆಯುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಎಗಿಬಿಗಳಿಗೆ ಸಂಬಂಧವೇ ಇಲ್ಲದ ಕುಟುಂಬಗಳ ಮದುವೆ, ಸಾಲ, ಪಾಲುಪಟ್ಟಿಯ ಫಲಕಗಳು ಈ ಸಂಗ್ರಹದಲ್ಲಿ ಸೇರಿಕೊಂಡಿರಲು ಇದೇ ಒಂದು ಕಾರಣ. ಹಾಗೆಯೇ ಎಗಿಬಿಗಳು ಮಾರಿದ ಆಸ್ತಿಗಳ ಪತ್ರಗಳು ಬೇರೆಯವರ ಮನೆ ಸೇರಿ ಚದುರಿರಬೇಕು.

ಸಾಲ, ಅಡಮಾನ ಮತ್ತು ಭೋಗ್ಯ

ಸಂಗ್ರಹದಲ್ಲಿ ಸಂಖ್ಯೆಯ ದೃಷ್ಟಿಯಿಂದ ದೊಡ್ಡ ಪಾಲು ಸಾಲಪತ್ರಗಳದು. ಬಡ್ಡಿಯ ದರ ಸಾಮಾನ್ಯವಾಗಿ ಒಂದು ಮಿನಕ್ಕೆ ತಿಂಗಳಿಗೆ ಒಂದು ಶೆಕೆಲ್, ಅಂದರೆ ವರ್ಷಕ್ಕೆ ಶೇಕಡ 20. ಸಾಲ ತೀರಿದಾಗ ಫಲಕವನ್ನು ಸಾಲಗಾರನಿಗೆ ಹಿಂದಿರುಗಿಸುವುದು ಅಥವಾ ಒಡೆದುಹಾಕುವುದು ರೂಢಿ. ಸಾಲಕ್ಕೆ ಹೊಲ, ಮನೆ ಅಥವಾ ಗುಲಾಮರನ್ನು ಅಡವಿಡುತ್ತಿದ್ದರು. ‘ನಗರದಲ್ಲೂ ಹೊರಗೂ ಇರುವ ಎಲ್ಲ ಸೊತ್ತು’ ಎಂದು ಒಟ್ಟಾರೆಯಾಗಿ ಬರೆಸಿಕೊಳ್ಳುವುದೂ ಇತ್ತು. ಅಡವಿಟ್ಟ ಆಸ್ತಿಯ ಮೇಲೆ ಈ ಸಾಲ ತೀರುವವರೆಗೆ ಬೇರೆ ಸಾಲಿಗನಿಗೆ ಅಧಿಕಾರವಿಲ್ಲ ಎಂಬ ಮಾತು ಇಂತಹ ಪತ್ರಗಳಲ್ಲಿ ತಪ್ಪುವುದಿಲ್ಲ.

ಕರ್ನಾಟಕದ ಪಟ್ಟಣಗಳಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಫಲಕ ಕಂಡವರಿಗೆ ತಕ್ಷಣ ಅರ್ಥವಾಗುವ ಒಂದು ಪತ್ರ ಈ ಸಂಗ್ರಹದಲ್ಲಿದೆ. ನಬೊನಿಡಸನ ಆಳ್ವಿಕೆಯ 5ನೆಯ ವರ್ಷದಲ್ಲಿ (ಕ್ರಿ.ಪೂ. 551) ನಬು-ಅಹ್ಹೆ-ಇದ್ದಿನ್ ತನ್ನ ಒಂದು ಮನೆಯನ್ನು ಯುವರಾಜ ಬೆಲ್‌ಶಜ್ಜರನ ಕಾರ್ಯದರ್ಶಿಗೆ ಮೂರು ವರ್ಷಗಳ ಅವಧಿಗೆ ಬಿಟ್ಟುಕೊಟ್ಟು, ಅವನಿಂದ ಒಂದೂವರೆ ಮಿನ ಬೆಳ್ಳಿ ಪಡೆದನು. ಮನೆಗೆ ಬಾಡಿಗೆಯಿಲ್ಲ, ಬೆಳ್ಳಿಗೆ ಬಡ್ಡಿಯಿಲ್ಲ ಎಂಬುದು ಕರಾರು. ಮನೆಯ ದುರಸ್ತಿ ವಾಸ ಮಾಡುವವನದು. ಮೂರು ವರ್ಷ ತುಂಬಿದಾಗ ಒಡೆಯನು ಬೆಳ್ಳಿಯನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು, ವಾಸವಿದ್ದವನು ಮನೆ ಬಿಟ್ಟುಕೊಡಬೇಕು. ವಾಡಿಕೆಯ ಬಡ್ಡಿಯಲ್ಲಿ ಲೆಕ್ಕ ಹಾಕಿದರೆ ಇದು ವರ್ಷಕ್ಕೆ 18 ಶೆಕೆಲ್ ಬಾಡಿಗೆಗೆ ಸಮನಾಗುತ್ತದೆ. ಬೆಳ್ಳಿಯ ಅಗತ್ಯ ನಬು-ಅಹ್ಹೆ-ಇದ್ದಿನನಿಗೆ ನಿಜಕ್ಕೂ ಇತ್ತೇ, ಅಥವಾ ಯುವರಾಜನ ಮನೆಯವರನ್ನು ಹತ್ತಿರ ಇರಿಸಿಕೊಳ್ಳುವುದು ಮುಖ್ಯವಾಗಿತ್ತೇ ಎಂಬುದನ್ನು ಪತ್ರ ಹೇಳುವುದಿಲ್ಲ. ಬೈಬಲಿನ ದಾನಿಯೇಲನ ಗ್ರಂಥದಲ್ಲಿ ಅರಸನೆಂದು ಕರೆಯಲ್ಪಡುವ ಬೆಲ್‌ಶಜ್ಜರ್ ಇಲ್ಲಿ ‘ಅರಸನ ಮಗ’ ಎಂದೇ ಕಾಣಿಸಿಕೊಳ್ಳುತ್ತಾನೆ ಎಂಬ ಕಾರಣಕ್ಕೂ ಈ ಫಲಕ ಹೆಸರಾಗಿದೆ.

ಖರ್ಜೂರದ ತೋಟಗಳ ಗೇಣಿಯ ಕ್ರಮ ಬೇರೆ. ಹಣ್ಣು ಇನ್ನೂ ಮರದಲ್ಲಿರುವಾಗಲೇ ಫಸಲನ್ನು ಅಂದಾಜು ಮಾಡಿ, ಒಡೆಯನಿಗೆ ಸಲ್ಲಬೇಕಾದ ಪ್ರಮಾಣವನ್ನು ಗೇಣಿದಾರನ ಹೆಸರಿನಲ್ಲಿ ಸಾಲಪತ್ರವಾಗಿಯೇ ಬರೆಸಿಕೊಳ್ಳುತ್ತಿದ್ದರು. ಕೊಯ್ಲಿನಲ್ಲಿ ಕೊರತೆಯಾದರೆ ಬಾಕಿ ಗೇಣಿದಾರನ ತಲೆಯ ಮೇಲೆ ಉಳಿಯುತ್ತಿತ್ತು.

ವರದಕ್ಷಿಣೆಯ ಆಸ್ತಿ

ತಂದೆಯ ಆಸ್ತಿಯಲ್ಲಿ ಪಾಲು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ವರದಕ್ಷಿಣೆ. ಬೆಳ್ಳಿ, ಹೊಲ, ಗುಲಾಮರು, ಮನೆಬಳಕೆಯ ಸಾಮಾನುಗಳನ್ನು ಒಳಗೊಂಡ ಇದನ್ನು ಗಂಡನು ಬಳಸಿಕೊಳ್ಳಬಹುದಾಗಿತ್ತು, ಆದರೆ ಅದು ಅವನದಾಗುತ್ತಿರಲಿಲ್ಲ. ಅದು ಹೆಂಡತಿಗೂ ಅವಳ ಮಕ್ಕಳಿಗೂ ಸಲ್ಲಬೇಕಾದುದು. ಗಂಡನು ವರದಕ್ಷಿಣೆಯ ಬೆಳ್ಳಿಯನ್ನು ವ್ಯಾಪಾರಕ್ಕೆ ತೊಡಗಿಸಿದರೆ ಅದಕ್ಕೆ ಪ್ರತಿಯಾಗಿ ತನ್ನ ಆಸ್ತಿಯಲ್ಲಿ ಸಮಾನ ಮೌಲ್ಯದ ಭಾಗವನ್ನು ಹೆಂಡತಿಯ ಹೆಸರಿಗೆ ಬರೆದುಕೊಡುತ್ತಿದ್ದನು. ಮರ್ದುಕ್-ನಾಸಿರ್-ಅಪ್ಲಿ ತನ್ನ ಹೆಂಡತಿ ಅಮತ್-ಬಾವುವಿಗೆ ಹೀಗೆಯೇ ಬರೆದುಕೊಟ್ಟನು.

ಈ ನಿಯಮದಿಂದ ಇನ್ನೊಂದು ಪ್ರಯೋಜನವೂ ಇತ್ತು. ಗಂಡನ ಸಾಲಿಗರು ಹೆಂಡತಿಯ ಆಸ್ತಿಯನ್ನು ಸುಲಭವಾಗಿ ಮುಟ್ಟುವಂತಿರಲಿಲ್ಲ. ನುಪ್ತಾಯಳ ತಂದೆ ಇದ್ದಿನ್-ಮರ್ದುಕ್ ತನ್ನ ಸೊತ್ತಿನ ಭಾಗಗಳನ್ನು ಹೆಂಡತಿ ಇನ-ಎಸಗಿಲ-ರಮತಳ ಹೆಸರಿಗೆ ವರ್ಗಾಯಿಸಿದುದನ್ನು ಈ ಬೆಳಕಿನಲ್ಲಿ ನೋಡಬೇಕು. ಇನ-ಎಸಗಿಲ-ರಮತ್ ಕೇವಲ ಹೆಸರಿಗಷ್ಟೇ ಒಡತಿಯಾಗಿರಲಿಲ್ಲ. ತನ್ನ ಬೆಳ್ಳಿಯನ್ನು ಸಾಲ ಕೊಟ್ಟ ಪತ್ರಗಳಲ್ಲಿಯೂ ಅವಳಿದ್ದಾಳೆ.

ಆಸ್ತಿಯೆಂದು ಬರೆಯಲ್ಪಟ್ಟ ಜನರು

ಎಗಿಬಿಗಳ ಆಸ್ತಿಯ ಲೆಕ್ಕದಲ್ಲಿ ಹೊಲಮನೆಗಳ ಪಕ್ಕದಲ್ಲಿಯೇ ಗುಲಾಮರ ಹೆಸರುಗಳು ಬರುತ್ತವೆ. ಗುಲಾಮರ ಕೈಯ ಮೇಲೆ ಒಡೆಯನ ಹೆಸರನ್ನು ಬರೆಸುವ ಪದ್ಧತಿ ಆ ಕಾಲದಲ್ಲಿತ್ತು. ಮಾರಾಟದ ಪತ್ರದಲ್ಲಿ ಗುಲಾಮನು ಓಡಿಹೋಗುವುದಿಲ್ಲ, ಅವನ ಮೇಲೆ ಬೇರೊಬ್ಬರ ಹಕ್ಕಿಲ್ಲ ಎಂದು ಮಾರುವವನು ಭರವಸೆ ಕೊಡಬೇಕಾಗಿತ್ತು.

ಇವರಲ್ಲಿ ಕೆಲವರು ಮನೆತನದ ವ್ಯವಹಾರವನ್ನೇ ನಡೆಸುತ್ತಿದ್ದರು. ಇದ್ದಿನ್-ಮರ್ದುಕನ ಗುಲಾಮನಾಗಿದ್ದ ಮದಾನು-ಬೇಲ್-ಉಸುರ್ ಹಳ್ಳಿಗಳಿಗೆ ಹೋಗಿ ಈರುಳ್ಳಿ, ಧಾನ್ಯಗಳ ಬಾಕಿ ವಸೂಲು ಮಾಡುತ್ತಿದ್ದನು, ಸಾಲ ಕೊಡುತ್ತಿದ್ದನು, ಪತ್ರಗಳಲ್ಲಿ ಸಾಲಿಗನೆಂದೇ ಅವನ ಹೆಸರಿದೆ. ಮುಂದೆ ಅವನು ಎಗಿಬಿಗಳ ವಶಕ್ಕೆ ಬಂದನು. ದಶಕಗಳ ಕಾಲ ಇತರರ ಲೆಕ್ಕ ಬರೆಸಿದ ಅವನು, ಹೆಂಡತಿ ಮಕ್ಕಳ ಸಮೇತ, ಬೇರೆಯ ಪತ್ರಗಳಲ್ಲಿ ಒಡೆಯನ ಸೊತ್ತಾಗಿ ಕಾಣಿಸಿಕೊಳ್ಳುತ್ತಾನೆ.

ಇಶುನ್ನತು ಎಂಬ ಹೆಂಗಸಿನ ಪತ್ರಗಳು ಇನ್ನೂ ಕುತೂಹಲಕರ. ಇತ್ತಿ-ಮರ್ದುಕ್-ಬಲಾತುವಿನ ಗುಲಾಮಳಾಗಿದ್ದ ಅವಳಿಗೆ ಕ್ಯಾಂಬೈಸಿಸನ ಆಳ್ವಿಕೆಯ 6ನೆಯ ವರ್ಷದಲ್ಲಿ (ಕ್ರಿ.ಪೂ. 524) ಬ್ಯಾಬಿಲೋನಿನ ಸಮೀಪದ ಕಿಶ್ ನಗರದಲ್ಲಿ ಒಂದು ಪಾನಗೃಹ ತೆರೆಯಲು ಬೇಕಾದುದನ್ನು ಒದಗಿಸಲಾಯಿತು. ಮದ್ಯದ ಹಂಡೆಗಳು, ಮಂಚಗಳು, ಕುರ್ಚಿಗಳು, ಮೇಜು, ಪಾತ್ರೆಗಳು ಒಂದೊಂದಾಗಿ ಪಟ್ಟಿಯಲ್ಲಿವೆ. ಪಾನಗೃಹವನ್ನು ನಡೆಸುವ ಹೊಣೆ ಅವಳದು. ಬಂದ ಆದಾಯದಲ್ಲಿ ಅವಳ ಕೈಗೆ ಏನು ಉಳಿಯಿತು, ಅವಳು ಎಂದಾದರೂ ಬಿಡುಗಡೆಯಾದಳೇ ಎಂಬ ವಿಚಾರ ಪಟ್ಟಿಯಲ್ಲಿಲ್ಲ.

ಕ್ರಿ.ಪೂ. 508ರ ವಿಭಾಗಪತ್ರ

ಇಡೀ ಸಂಗ್ರಹದಲ್ಲಿ ಮನೆತನದ ಆಸ್ತಿಯನ್ನು ಒಟ್ಟಾಗಿ ನೋಡಲು ಸಿಗುವ ಅವಕಾಶ ಇದೊಂದೇ. ಇತ್ತಿ-ಮರ್ದುಕ್-ಬಲಾತು ತೀರಿಕೊಂಡ ಮೇಲೆ ಅವನ ಮೂವರು ಗಂಡುಮಕ್ಕಳು, ಮರ್ದುಕ್-ನಾಸಿರ್-ಅಪ್ಲಿ, ನಬು-ಅಹ್ಹೆ-ಬುಲ್ಲಿತ್ ಮತ್ತು ನೆರ್ಗಲ್-ಉಶೇಜಿಬ್, ಒಂದು ದಶಕಕ್ಕೂ ಹೆಚ್ಚು ಕಾಲ ಆಸ್ತಿಯನ್ನು ಅವಿಭಕ್ತವಾಗಿಯೇ ಇಟ್ಟುಕೊಂಡಿದ್ದರು. ಡೇರಿಯಸನ 14ನೆಯ ವರ್ಷದಲ್ಲಿ ಪಾಲಾಯಿತು. ಬ್ಯಾಬಿಲೋನ್ ಮತ್ತು ನೆರೆಯ ಬೊರ್ಸಿಪ್ಪಗಳಲ್ಲಿದ್ದ 16 ಮನೆಗಳು, ನೂರಕ್ಕೂ ಹೆಚ್ಚು ಗುಲಾಮರು ಹಂಚಿಕೆಯಾದರು. ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು ಎಂಬ ರೂಢಿಯಂತೆ ಒಟ್ಟನ್ನು ನಾಲ್ಕಾಗಿಸಿ, ಅರ್ಧವನ್ನು ಮರ್ದುಕ್-ನಾಸಿರ್-ಅಪ್ಲಿಗೂ, ಕಾಲುಭಾಗವನ್ನು ಇಬ್ಬರು ತಮ್ಮಂದಿರಲ್ಲಿ ಪ್ರತಿಯೊಬ್ಬನಿಗೂ ಕೊಡಲಾಯಿತು.

ಪ್ರತಿಯೊಂದು ಮನೆಯನ್ನೂ ಅದು ಇರುವ ಕೇರಿ ಮತ್ತು ನೆರೆಯವರಿಂದ ಗುರುತಿಸಲಾಗಿದೆ. ಗುಲಾಮರನ್ನು ಹೆಸರು ಹಿಡಿದು, ಅನೇಕ ಕಡೆ ಕುಟುಂಬವಾಗಿ ಬರೆಯಲಾಗಿದೆ. ಬರಹದ ಶೈಲಿ ಎರಡಕ್ಕೂ ಒಂದೇ. ಶುಲಾಯನ ಕಾಲದಲ್ಲಿ ಪಾಲುದಾರಿಕೆಯ ಸರಕನ್ನಷ್ಟೇ ಹೊಂದಿದ್ದ ಕುಟುಂಬವು ಅವನ ಮರಿಮಕ್ಕಳ ಕಾಲಕ್ಕೆ ಎಲ್ಲಿಗೆ ಬಂದು ನಿಂತಿತ್ತು ಎಂಬುದಕ್ಕೆ ಈ ಒಂದು ಫಲಕ ಸಾಕು. ಮೂರು ತಲೆಮಾರುಗಳಲ್ಲಿ ಕೂಡಿದ ಆಸ್ತಿ ಒಡೆದುದೂ ಇದೇ ಫಲಕದಲ್ಲಿ. ಪಾಲಿನ ನಂತರದ ಪತ್ರಗಳಲ್ಲಿ ಹಿರಿಯನ ವ್ಯವಹಾರವೇ ಪ್ರಧಾನವಾಗಿ ಕಾಣುತ್ತದೆ.

ಬ್ಯಾಂಕ್ ಎಂಬ ಕಲ್ಪನೆ

19ನೆಯ ಶತಮಾನದ ಬರಹಗಳಲ್ಲಿ ಇವರನ್ನು ‘ಎಗಿಬಿ ಮತ್ತು ಮಕ್ಕಳು’ ಎಂಬ ಬ್ಯಾಂಕಿನವರೆಂದು ಬಣ್ಣಿಸಿ, ಯುರೋಪಿನ ರಾಥ್‌ಚೈಲ್ಡ್ ಮನೆತನಕ್ಕೆ ಹೋಲಿಸುವುದು ಸಾಮಾನ್ಯವಾಗಿತ್ತು. ಜನಪ್ರಿಯ ಪುಸ್ತಕಗಳಲ್ಲಿ ‘ಜಗತ್ತಿನ ಮೊದಲ ಬ್ಯಾಂಕ್’ ಎಂಬ ಮಾತು ಇಂದಿಗೂ ಉಳಿದಿದೆ. ಇದು ಸರಿಯಲ್ಲ. ಜನರಿಂದ ಠೇವಣಿ ಸ್ವೀಕರಿಸಿ, ಆ ಹಣವನ್ನೇ ಇತರರಿಗೆ ಸಾಲ ಕೊಡುವುದು ಬ್ಯಾಂಕಿನ ಲಕ್ಷಣ. ಎಗಿಬಿಗಳು ಹಾಗೆ ಮಾಡಿದುದಕ್ಕೆ ಆಧಾರವಿಲ್ಲವೆಂದು ರೇಮಂಡ್ ಬೊಗಾರ್ಟ್ 1966ರ ತನ್ನ ಗ್ರಂಥದಲ್ಲಿ ವಾದಿಸಿದನು, ನಂತರದ ಸಂಶೋಧಕರು ಅದನ್ನು ಒಪ್ಪಿದ್ದಾರೆ. ಎಗಿಬಿಗಳು ಸ್ವಂತ ಹಾಗೂ ಪಾಲುದಾರರ ಬಂಡವಾಳದಿಂದ ವ್ಯಾಪಾರ ಮಾಡಿ, ಲಾಭವನ್ನು ನೆಲದಲ್ಲಿ ಹೂಡಿ, ಆ ನೆಲದ ಆಧಾರದ ಮೇಲೆ ಇನ್ನಷ್ಟು ವ್ಯಾಪಾರ ಮಾಡಿದ ಉದ್ಯಮಿಗಳು.

ಸಂಗ್ರಹದ ಕೊನೆ

ಕ್ರಿ.ಪೂ. 480ರ ದಶಕದಲ್ಲಿ ಪತ್ರಗಳು ನಿಂತುಹೋಗುತ್ತವೆ. ಇದು ಎಗಿಬಿಗಳಿಗೆ ಮಾತ್ರ ಸೀಮಿತವಾದುದಲ್ಲ. ಕ್ಸರ್ಕ್ಸೀಸನ ಆಳ್ವಿಕೆಯ 2ನೆಯ ವರ್ಷದಲ್ಲಿ (ಕ್ರಿ.ಪೂ. 484) ಬೇಲ್-ಶಿಮಾನ್ನಿ ಮತ್ತು ಶಮಶ್-ಎರೀಬ ಎಂಬವರು ಬ್ಯಾಬಿಲೋನಿಯದಲ್ಲಿ ಪರ್ಷಿಯನ್ನರ ವಿರುದ್ಧ ದಂಗೆಯೆದ್ದರು. ಆ ವರ್ಷದ ಸುಮಾರಿಗೆ ಬ್ಯಾಬಿಲೋನ್, ಬೊರ್ಸಿಪ್ಪ, ಸಿಪ್ಪರ್ ನಗರಗಳ ಹಲವು ಹಳೆಯ ಕುಟುಂಬಗಳ ಸಂಗ್ರಹಗಳು ಏಕಕಾಲಕ್ಕೆ ಮುಗಿಯುತ್ತವೆ ಎಂಬುದನ್ನು ಕ್ಯಾರೊಲಿನ್ ವಾರ್ಜೆಗರ್ಸ್ ತೋರಿಸಿಕೊಟ್ಟಿದ್ದಾರೆ. ದಂಗೆಯ ನಂತರ ಈ ಕುಟುಂಬಗಳು ಸ್ಥಾನ ಕಳೆದುಕೊಂಡವೆಂದು ಅವರ ನಿರೂಪಣೆ. ಎಗಿಬಿಗಳಿಗೂ ಅದೇ ಗತಿಯಾಯಿತೇ ಎಂಬುದಕ್ಕೆ ನೇರ ಸಾಕ್ಷ್ಯವಿಲ್ಲ.

ಗಡಿಗೆಗಳಲ್ಲಿ ಸಿಕ್ಕ ಫಲಕಗಳನ್ನು ಓದುವಾಗ ನೆನಪಿಡಬೇಕಾದ ಸಂಗತಿಯೊಂದಿದೆ. ಚಾಲ್ತಿಯಲ್ಲಿದ್ದ, ಮುಂದೆ ನ್ಯಾಯಾಲಯದಲ್ಲಿ ತೋರಿಸಬೇಕಾಗಬಹುದಾದ ಹಕ್ಕುಪತ್ರಗಳನ್ನು ಕುಟುಂಬವು ಕೈಯಳತೆಯಲ್ಲಿಯೇ ಇಟ್ಟುಕೊಂಡಿರುತ್ತಿತ್ತು. ಗಡಿಗೆಗೆ ತುಂಬಿ ಬಾಯಿ ಮುಚ್ಚಿದುದು ಬಹುಮಟ್ಟಿಗೆ ಕಾಲ ಮುಗಿದ ಪತ್ರಗಳನ್ನು ಮತ್ತು ಪ್ರತಿಗಳನ್ನು ಎಂದು ವಿದ್ವಾಂಸರು ಭಾವಿಸುತ್ತಾರೆ. ಹಾಗಾದರೆ ನಮಗೆ ಉಳಿದಿರುವುದು ಎಗಿಬಿಗಳು ಬೇಡವೆಂದು ಬದಿಗಿಟ್ಟವು. ಅವರು ಜೋಪಾನ ಮಾಡಿದವು ಕಳೆದುಹೋಗಿವೆ. ಇದಲ್ಲದೆ, ಆ ಹೊತ್ತಿಗೆ ಆಡುಮಾತಾಗಿದ್ದ ಅರಾಮಿಕ್ ಭಾಷೆಯಲ್ಲಿ ತೊಗಲಿನ ಮೇಲೆ ಬರೆದ ಲೆಕ್ಕಗಳೆಲ್ಲ ಮಣ್ಣುಪಾಲಾಗಿವೆ.

ಅಧ್ಯಯನ

ಫಲಕಗಳು ಲಂಡನ್ ತಲುಪಿದ ಮೇಲೆ ಮೊದಲು ಗಮನ ಸೆಳೆದುದು ಅವುಗಳ ತಾರೀಖುಗಳು. ಪ್ರತಿಯೊಂದು ಪತ್ರದಲ್ಲಿಯೂ ಅರಸನ ಹೆಸರು, ಆಳ್ವಿಕೆಯ ವರ್ಷ ಇದ್ದುದರಿಂದ, ಟಾಲೆಮಿಯ ಹೆಸರಿನಲ್ಲಿ ಬಂದಿದ್ದ ರಾಜರ ಪಟ್ಟಿಯನ್ನು ಇವುಗಳೊಡನೆ ಹೋಲಿಸಿ ನೋಡಬಹುದಾಗಿತ್ತು. ಡಬ್ಲ್ಯು. ಸೇಂಟ್ ಚಾಡ್ ಬೋಸ್ಕವೆನ್ 1878ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಸಂಬಂಧಿಸಿದುದು. ಜೆಸೂಯಿಟ್ ಪಾದ್ರಿ ಯೋಹಾನ್ ಸ್ಟ್ರಾಸ್‌ಮಾಯರ್ 1880 ಮತ್ತು 1890ರ ದಶಕಗಳಲ್ಲಿ ಸಾವಿರಾರು ಫಲಕಗಳನ್ನು ಕೈಯಿಂದ ನಕಲು ಮಾಡಿ ಅರಸರ ಅನುಕ್ರಮದಲ್ಲಿ ಪ್ರಕಟಿಸಿದನು. ಇಂದಿಗೂ ಅನೇಕ ಫಲಕಗಳನ್ನು ಅವನ ಕ್ರಮಸಂಖ್ಯೆಯಿಂದಲೇ ಉಲ್ಲೇಖಿಸುವುದುಂಟು. 508ರ ವಿಭಾಗಪತ್ರ ‘ಡೇರಿಯಸ್ 379’ ಎಂದು ಪ್ರಸಿದ್ಧ. ಅರಸರ ಕ್ರಮದಲ್ಲಿ ಜೋಡಿಸಿದ ಕಾರಣ ಒಂದೇ ಕುಟುಂಬದ ಪತ್ರಗಳು ಬೇರೆ ಬೇರೆ ಸಂಪುಟಗಳಲ್ಲಿ ಚದುರಿಹೋದವು. ಅವುಗಳನ್ನು ಮತ್ತೆ ಮನೆತನದ ದೃಷ್ಟಿಯಿಂದ ಒಟ್ಟುಗೂಡಿಸುವ ಕೆಲಸ 20ನೆಯ ಶತಮಾನದ ಕೊನೆಯ ಭಾಗದಲ್ಲಿ ನಡೆಯಿತು. ಕಾರ್ನೆಲಿಯಾ ವುನ್ಶ್ ಇದ್ದಿನ್-ಮರ್ದುಕನ ಪತ್ರಗಳನ್ನು 1993ರಲ್ಲಿ, ಎಗಿಬಿಗಳ ಹೊಲ ಮತ್ತು ತೋಟಗಳ ಪತ್ರಗಳನ್ನು 2000ದಲ್ಲಿ ಜರ್ಮನ್ ಭಾಷೆಯಲ್ಲಿ ಸಂಪಾದಿಸಿದರು. ಮರ್ದುಕ್-ನಾಸಿರ್-ಅಪ್ಲಿಯ ತೆರಿಗೆ ಮತ್ತು ಗುತ್ತಿಗೆ ವ್ಯವಹಾರಗಳನ್ನು ಕ್ಯಾಥ್ಲೀನ್ ಅಬ್ರಹಾಂ ಪ್ರತ್ಯೇಕ ಗ್ರಂಥವಾಗಿ ಅಧ್ಯಯನ ಮಾಡಿದ್ದಾರೆ.